ಅತ್ತಿಗೆಯ ಪಾಲಿನ ಆಕ್ಟೋಪಸ್

ಸುನಿಯ ಆ ದಿನ ಎರಡು ಆಕ್ಟೋಪಸ್ ಹಿಡಿದು ತಂದಿದ್ದ. ಒಂದು ದೊಡ್ಡದು, ತೋಳು ಬಿಡಿಸಿ ಹಿಡಿದರೆ ಅವನ ಸೊಂಟದಿಂದ ಪಾದದವರೆಗೆ ಇಳಿಬೀಳುವಂಥದ್ದು. ಇನ್ನೊಂದು ಅಂಗೈಗಿಂತ ತುಸು ಹೆಚ್ಚು. ಅವನ ಹೆಂಡತಿ ಲೆಸಿಯೆಲಿ ಅಡುಗೆ ಚಪ್ಪರದ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದಳು. ಯಾವುದು ಯಾರಿಗೆ ಎಂದು ಅವಳು ಕೇಳಲಿಲ್ಲ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದ ಮೇಲೆ ಕೇಳುವ ಪ್ರಶ್ನೆಯಲ್ಲ ಅದು.

ಸುನಿಯ ದೊಡ್ಡದನ್ನು ತೆಂಗಿನ ಗರಿಯ ಬುಟ್ಟಿಗೆ ಹಾಕಿ ಮೇಲೊಂದು ಬಾಳೆಲೆ ಮುಚ್ಚಿದ.

"ಇದು ಅಕ್ಕನಿಗೆ," ಅಂದ.

"ಗೊತ್ತು. ನಮಗೆ ಬೆಕ್ಕಿನ ಪಾಲು."

"ಶುರು ಮಾಡ್ಬೇಡ ಲೆಸಿ."

"ನಾನೆಲ್ಲಿ ಶುರು ಮಾಡ್ದೆ? ನೀವು ದೋಣಿ ಇಳಿಸೋಕೆ ಮುಂಚೆನೇ ಅದು ಶುರುವಾಗಿರುತ್ತೆ. ಹೋಗಿ, ಕೊಟ್ಟು ಬನ್ನಿ ನಿಮ್ಮ ಮಹಾರಾಣಿಗೆ. ಬಿಸಿಲು ಏರಿದ್ರೆ ಮೆತ್ತಗಾಗುತ್ತೆ, ಆಮೇಲೆ ಅವರ ಹಲ್ಲಿಗೆ ಹಿಡಿಸಲ್ಲ."

ಸುನಿಯ ಬುಟ್ಟಿ ಎತ್ತಿಕೊಂಡು ಹೊರಟ. ಟೊಂಗಾ ದ್ವೀಪಗಳಲ್ಲಿ ಅಕ್ಕನೆಂದರೆ ತಮ್ಮನಿಗಿಂತ ಒಂದು ಮೆಟ್ಟಿಲು ಮೇಲೆ, ತಮ್ಮನ ಹೆಂಡತಿಗಿಂತ ಹತ್ತು ಮೆಟ್ಟಿಲು ಮೇಲೆ. ತಮ್ಮ ದುಡಿದದ್ದರಲ್ಲಿ ಮೊದಲನೆಯದೂ ಒಳ್ಳೆಯದೂ ಅವಳದ್ದು. ಮದುವೆಯ ದಿನ ಲೆಸಿಯೆಲಿಯ ತಾಯಿ ಅವಳಿಗೆ ಹೇಳಿಕೊಟ್ಟದ್ದರಲ್ಲಿ ಅರ್ಧ ಇದೇ ಆಗಿತ್ತು. ಅವಳು ಇಷ್ಟು ವರ್ಷ ಅದನ್ನು ಹಲ್ಲು ಕಚ್ಚಿಕೊಂಡಾದರೂ ನಡೆಸಿಕೊಂಡು ಬಂದಿದ್ದಳು. ಅದು ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿದ್ದು ಈ ವರ್ಷ, ಸಕ್ಕರೆ ಕಾಯಿಲೆಯ ಪಥ್ಯ ಶುರುವಾದ ಮೇಲೆ.

ಊರಿನ ಆರೋಗ್ಯ ಕೇಂದ್ರದ ನರ್ಸ್ ಫುಸಿ ಮೂರು ತಿಂಗಳ ಹಿಂದೆ ಹನ್ನೊಂದು ಹೆಂಗಸರ ಗುಂಪು ಕಟ್ಟಿದ್ದಳು. ಅವರಲ್ಲಿ ಲೆಸಿಯೆಲಿಯೂ ಇದ್ದಳು, ಅತ್ತಿಗೆ ಅಕಾನೆಸಿಯೂ ಇದ್ದಳು. ಫುಸಿಯ ಪಟ್ಟಿ ಚಿಕ್ಕದು. ಹೆಗ್ಗೆಣಸು, ಕೆಸುವಿನ ಗೆಡ್ಡೆ, ಮರಗೆಣಸು, ಬ್ರೆಡ್ಡು, ನೂಡಲ್ಸು, ಸಕ್ಕರೆ ಹಾಕಿದ ಟೀ ಬೇಡ. ಮೀನು, ಮೊಟ್ಟೆ, ಕೋಳಿ, ಸೊಪ್ಪು, ಸ್ವಲ್ಪ ತೆಂಗಿನ ಹಾಲು ಪರವಾಗಿಲ್ಲ. ಓದುವುದಕ್ಕೆ ಎಷ್ಟು ಸಲೀಸು! ಆದರೆ ಲೆಸಿಯೆಲಿಯ ಹೊಲದಲ್ಲಿ ಪುಕ್ಕಟೆ ಬೆಳೆಯುತ್ತಿದ್ದದ್ದೆಲ್ಲ ಬೇಡ ಅನ್ನುವ ಕಡೆಗಿತ್ತು. ಬೇಕು ಅನ್ನುವ ಕಡೆಗಿದ್ದದ್ದರಲ್ಲಿ ಹಿತ್ತಲ ಸೊಪ್ಪೊಂದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಅಂಗಡಿಗೆ ಹೋಗಬೇಕು. ಅಂಗಡಿಯಲ್ಲಿ ಒಂದು ಟ್ರೇ ಮೊಟ್ಟೆಗೆ ಕೇಳುವ ದುಡ್ಡಿನಲ್ಲಿ ಅವಳ ಇಬ್ಬರು ಹೆಣ್ಣುಮಕ್ಕಳು ವಾರವಿಡೀ ಬಸ್ಸಿನಲ್ಲಿ ಶಾಲೆಗೆ ಹೋಗಿಬರಬಹುದಿತ್ತು. ಸುನಿಯ ಹಿಡಿದ ಮೀನಿನಲ್ಲಿ ಮಾರಾಟಕ್ಕೆ ಹೋಗಿ, ಅಕ್ಕನಿಗೆ ಹೋಗಿ, ಮಕ್ಕಳ ತಟ್ಟೆಗೆ ಹೋಗಿ ಉಳಿದದ್ದು ಅವಳಿಗೆ. ಕೆಲವು ದಿನ ಉಳಿಯುತ್ತಿರಲಿಲ್ಲ. ಆ ದಿನಗಳಲ್ಲಿ ಅವಳು ಸೊಪ್ಪು ಬೇಯಿಸಿ ತಿಂದು, ಸಂಜೆಯ ಹೊತ್ತಿಗೆ ಹಸಿವು ತಡೆಯಲಾರದೆ ಒಂದು ತುಂಡು ಗೆಣಸು, ಅದರ ಹಿಂದೆ ಇನ್ನೊಂದು ತುಂಡು, ಹೀಗೆ ಜಾರುತ್ತಿದ್ದಳು.

ಸುನಿಯ ಹಿಂತಿರುಗಿದಾಗ ಬುಟ್ಟಿ ಬರಿದಾಗಿರಲಿಲ್ಲ. ಕೊಟ್ಟವರ ಬುಟ್ಟಿಯನ್ನು ಯಾರೂ ಬರಿದಾಗಿ ಕಳಿಸುವುದಿಲ್ಲ. ಅದರ ತುಂಬ ಹೆಗ್ಗೆಣಸಿತ್ತು.

"ನೋಡಿ," ಲೆಸಿಯೆಲಿ ಒಂದು ಗೆಣಸನ್ನು ಎತ್ತಿ ಹಿಡಿದಳು. "ನನ್ನ ಪಥ್ಯ ಅತ್ತ ಹೋಯ್ತು, ಅವರ ಕಾಯಿಲೆ ಇತ್ತ ಬಂತು. ಸರಿಯಾಗಿದೆ ವ್ಯಾಪಾರ."

"ಅಕ್ಕನೂ ಪಥ್ಯದಲ್ಲಿದ್ದಾಳಲ್ಲ? ಅವಳು ಗೆಣಸು ಇಟ್ಕೊಂಡು ಏನು ಮಾಡ್ತಾಳೆ?"

"ಅದನ್ನೇ ನಾನೂ ಹೇಳಿದ್ದು. ಏನಂದ್ರು?"

"ಏನನ್ನೋದು? ಹಿಂದಿನ ಬಾಗಿಲಲ್ಲಿ ಇಟ್ಟೆ. ಹೋದ ಸಲದ ಬುಟ್ಟಿ ತುಂಬಿ ಅಲ್ಲೇ ಇತ್ತು, ತಗೊಂಡು ಬಂದೆ."

ಬೆಳೆದ ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂರುವುದಿಲ್ಲ, ಎದುರು ನಿಂತು ಹರಟುವುದಿಲ್ಲ. ಅದು ಮರ್ಯಾದೆ. ಅಕಾನೆಸಿಯ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಆ ಆರು ವರ್ಷವೂ ಸುನಿಯ ಅವಳ ಹಿಂದಿನ ಬಾಗಿಲನ್ನು ದಾಟಿ ಒಳಗೆ ಹೋಗಿರಲಿಲ್ಲ.

ಆ ಭಾನುವಾರ ಚರ್ಚಿನಲ್ಲಿ ಅಕಾನೆಸಿ ಎರಡು ಸಾಲು ಮುಂದೆ ಕೂತಿದ್ದಳು. ಐವತ್ತೆಂಟು ವರ್ಷದ ಹೆಂಗಸು. ಮೂರು ತಿಂಗಳ ಹಿಂದೆ ಅವಳ ಬೆನ್ನು ಬೆಂಚಿನ ಒಂದೂವರೆ ಜಾಗ ಹಿಡಿಯುತ್ತಿತ್ತು. ಈಗ ಚರ್ಚಿಗೆಂದು ಬಟ್ಟೆಯ ಮೇಲೆ ಸೊಂಟಕ್ಕೆ ಸುತ್ತಿ ಹಗ್ಗದಿಂದ ಕಟ್ಟುವ ಹೆಣೆದ ಚಾಪೆ ಒಂದು ಸುತ್ತು ಹೆಚ್ಚು ಬರುತ್ತಿದೆ, ಹಗ್ಗದ ತುದಿ ಮೊಣಕಾಲಿಗೆ ತಾಗುತ್ತಿದೆ. ಲೆಸಿಯೆಲಿ ಪ್ರಾರ್ಥನೆಯ ಹೊತ್ತು ಆ ಹಗ್ಗದ ತುದಿಯನ್ನೇ ನೋಡಿದಳು. ಹೊರಗೆ ಬಂದ ಮೇಲೆ ಪಕ್ಕದ ಮನೆಯ ಲುಪೆ ಅದನ್ನೇ ಎತ್ತಿದಳು.

"ನಿಮ್ಮ ಅತ್ತಿಗೆ ಹುಡುಗಿ ಆಗ್ಬಿಟ್ರಲ್ಲ ಲೆಸಿ! ಹಿಂದಿನಿಂದ ನೋಡಿ ಯಾರೋ ಹೊಸ ಮದುವಣಗಿತ್ತಿ ಅಂದ್ಕೊಂಡೆ."

"ಮುಂದಿನಿಂದ ನೋಡು, ಸರಿಹೋಗುತ್ತೆ."

"ಹೋದ ಸಲ ಫುಸಿ ಬೆರಳು ಚುಚ್ಚಿ ನೋಡಿದಾಗ ಅವರ ಸಕ್ಕರೆ ಎಂಟು ಬಂತಂತೆ. ನಿನ್ನದೆಷ್ಟು?"

ಲೆಸಿಯೆಲಿಯದು ಹದಿಮೂರು ಮುಕ್ಕಾಲು ಬಂದಿತ್ತು. ಲುಪೆಗೆ ಅದು ಗೊತ್ತಿತ್ತು. ಹನ್ನೊಂದೂ ಜನರಿಗೆ ಗೊತ್ತಿತ್ತು, ಏಕೆಂದರೆ ಫುಸಿ ಅಂಕಿಗಳನ್ನು ಗುಂಪು ಸೇರುವ ಸಭಾಂಗಣದ ಗೋಡೆಗೆ ಅಂಟಿಸುತ್ತಿದ್ದಳು. ಊಟವಾಗಿ ಎರಡು ಗಂಟೆಗೆ ರಕ್ತದ ಸಕ್ಕರೆ ಅವಳ ಯಂತ್ರದ ಲೆಕ್ಕದಲ್ಲಿ ಹತ್ತರೊಳಗೆ ಇರಬೇಕು. ಇಲ್ಲದಿದ್ದರೆ ಮುಂದಿನ ಬುಧವಾರದಿಂದ ದಿನವೂ ಇನ್ಸುಲಿನ್ ಸೂಜಿ ಎಂದು ಫುಸಿ ಲೆಸಿಯೆಲಿಗೆ ಹೇಳಿಬಿಟ್ಟಿದ್ದಳು. ಸೂಜಿಯಿಂದ ಒಳ್ಳೆಯದೇ ಆಗುತ್ತದೆ ಎಂದೂ ಹೇಳಿದ್ದಳು. ಆದರೆ ಲೆಸಿಯೆಲಿಯ ತಾಯಿಗೆ ಮೊದಲು ಸೂಜಿ ಬಂದಿತ್ತು, ಆಮೇಲೆ ಹೆಬ್ಬೆರಳು ಹೋಗಿತ್ತು, ಆಮೇಲೆ ಪಾದ. ಒಂದರಿಂದ ಇನ್ನೊಂದು ಆದದ್ದಲ್ಲ ಎಂದು ತಿಳಿದಿದ್ದರೂ ಮಗಳ ಮನಸ್ಸಿನಲ್ಲಿ ಆ ಮೂರೂ ಒಂದರ ಹಿಂದೊಂದು ಸಾಲಾಗಿ ನಿಂತಿದ್ದವು.

ಆ ಸಾಲಿನ ಮುಂದೆ ಈಗ ಅತ್ತಿಗೆಯ ಸೊಂಟದ ಹಗ್ಗ ನೇತಾಡುತ್ತಿತ್ತು. ತನ್ನ ಗಂಡ ಬಂಡೆಯ ಮೇಲೆ ಬಗ್ಗಿ ಹಿಡಿದ ಆಕ್ಟೋಪಸ್ ತಿಂದು ಅವಳು ಎಂಟಕ್ಕೆ ಇಳಿದಿದ್ದಾಳೆ. ಅವಳ ಗೆಣಸು ತಿಂದು ತಾನು ಹದಿಮೂರಕ್ಕೆ ಏರಿದ್ದೇನೆ. ಲೆಸಿಯೆಲಿ ಇದನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿಸಿದಳೆಂದರೆ ಬುಧವಾರ ಬರುವ ಹೊತ್ತಿಗೆ ಅದು ನುಣುಪಾಗಿ, ಗಟ್ಟಿಯಾಗಿ, ಕಲ್ಲಿನ ಗುಂಡಿನ ಹಾಗಾಗಿತ್ತು.

ಬುಧವಾರದ ಕ್ರಮ ಹೀಗಿತ್ತು. ಎಲ್ಲರೂ ತಮ್ಮ ತಮ್ಮ ಪಥ್ಯದ ಅಡುಗೆ ತಂದು ಹತ್ತು ಗಂಟೆಗೆ ಸಭಾಂಗಣದಲ್ಲಿ ಒಟ್ಟಿಗೆ ತಿನ್ನಬೇಕು. ಹನ್ನೆರಡಕ್ಕೆ ಫುಸಿ ಬೆರಳು ಚುಚ್ಚಿ ನೋಡುತ್ತಾಳೆ. ತಿಂದದ್ದು ಏನು ಮಾಡುತ್ತದೆಂದು ಅವರವರ ಕಣ್ಣಿಗೇ ಕಾಣಲಿ ಎಂಬುದು ಅವಳ ಲೆಕ್ಕ.

ಬೆಳಕು ಹರಿಯುವ ಮೊದಲೇ ಲೆಸಿಯೆಲಿ ಎದ್ದು ಕೆಸುವಿನ ಎಲೆ ಕೊಯ್ದಳು. ಎಲೆಯ ಮೇಲೆ ಎಲೆ ಹರವಿ, ನಡುವೆ ಮಾಂಸವೂ ಈರುಳ್ಳಿಯೂ ಇಟ್ಟು, ತೆಂಗಿನ ಹಾಲು ಹುಯ್ದು, ಬಾಳೆಲೆಯಲ್ಲಿ ಮಡಿಸಿ ಕಟ್ಟಿ ಕಲ್ಲುಗಳ ಒಲೆಯಲ್ಲಿ ಹೂತು ಬೇಯಿಸುವ ಲೂ ಅವಳ ಕೈಗೆ ಚೆನ್ನಾಗಿ ಒಗ್ಗಿದ ಅಡುಗೆ. ಅಂದು ಎರಡು ಬೊಗಸೆ ಮರಗೆಣಸನ್ನು ತುರಿದು, ಹಿಂಡಿ, ಒಂದು ಚಮಚ ಸಕ್ಕರೆ ಬೆರೆಸಿ ಎಲೆಯ ನಡುವೆ ಒತ್ತಿದಳು. ವಾಸನೆಗೆಂದು ಡಬ್ಬಿಯ ಗೋಮಾಂಸದ ತೆಳುವಾದ ಒಂದು ಪದರವನ್ನು ಮೇಲೆ ಹರಡಿದಳು. ಒಂದು ಸಲ, ಒಂದೇ ಒಂದು ಸಲ, ಗೋಡೆಯ ಹಾಳೆಯಲ್ಲಿ ಅತ್ತಿಗೆಯ ಹೆಸರಿನ ಮುಂದೆ ತನ್ನದಕ್ಕಿಂತ ದೊಡ್ಡ ಅಂಕಿ ಬರೆದಿರುವುದನ್ನು ನೋಡಬೇಕು.

"ಅಕ್ಕನಿಗಾ?" ಬಿಸಿ ಪೊಟ್ಟಣ ಕೈಗೆ ಬಂದಾಗ ಸುನಿಯನ ಮುಖ ಅರಳಿತು. "ಇವತ್ತಿನ ಊಟಕ್ಕಾ? ನೀನಾಗಿ ನೀನೇ ಮಾಡಿದ್ದಾ?"

"ಏನು, ನಾನು ಮಾಡಬಾರದಾ?"

"ಮಾಡಬಾರದು ಅಂದ್ನಾ? ಖುಷಿಯಾಯ್ತು, ಅಷ್ಟೇ."

ಅವನ ಖುಷಿ ಅವಳಿಗೆ ಮುಳ್ಳಿನ ಹಾಗೆ ಚುಚ್ಚಿತು. ಆದರೆ ಅವನು ಆಗಲೇ ರಸ್ತೆಗೆ ಇಳಿದಿದ್ದ.

ಸಭಾಂಗಣದಲ್ಲಿ ಹೆಂಗಸರು ಚಾಪೆಯ ಮೇಲೆ ಸುತ್ತ ಕೂತಿದ್ದರು. ಪಾದ್ರಿ ಬಂದು ಪ್ರಾರ್ಥನೆ ಮಾಡಿ ಹೋದರು. ಲೆಸಿಯೆಲಿಯ ಡಬ್ಬಿಯಲ್ಲಿ ಬೇಯಿಸಿದ ಸೊಪ್ಪು, ಅದರ ಮೇಲೆ ಒಂದು ಮೊಟ್ಟೆ. ಎದುರು ಕೂತ ಅಕಾನೆಸಿ ತನ್ನ ಬುಟ್ಟಿಯಿಂದ ಒಂದೊಂದಾಗಿ ತೆಗೆದಿಟ್ಟಳು. ನಿಂಬೆರಸ ಹಿಂಡಿದ ಕಡಲಪಾಚಿ, ಚಿಪ್ಪಿನಿಂದ ಬಿಡಿಸಿ ಬೇಯಿಸಿದ ಮರುವಾಯಿ, ಒಂದು ಲೋಟದಲ್ಲಿ ಮೈತುಂಬ ಕರಿಮುಳ್ಳಿನ ಕಡಲಜೀವಿ ಮುಳ್ಳುಚೆಂಡಿನ ಹಳದಿ ತಿರುಳು. ಕೊನೆಗೆ ಲೂ ಪೊಟ್ಟಣ. ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಮೂಗಿನ ಹತ್ತಿರ ಒಯ್ದಳು.

"ಲೆಸಿ," ಅಕಾನೆಸಿ ಎಲ್ಲರಿಗೂ ಕೇಳುವ ಹಾಗೆ ಕರೆದಳು. "ನಿನ್ನ ಡಬ್ಬಿಯಲ್ಲಿ ಏನೂ ಇಲ್ವಲ್ಲೇ. ಬಾ, ಇದು ತಗೋ."

"ಬೇಡ ಅತ್ತಿಗೆ, ನನಗೆ ಇಷ್ಟೇ ಸಾಕು."

"ಸಾಕಾ? ಮೊಟ್ಟೆ ಒಂದು ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಿದೆ. ತಗೋ ಅಂದೆ."

ಹೆಂಗಸರು ನಕ್ಕರು. ಮೇಲಿನವರಿಗೆ ಕೊಟ್ಟ ಊಟ ಹಂಚಿಕೆಯಾಗಿ ಕೆಳಗೆ ಇಳಿದುಬರುತ್ತದೆ ಎಂದು ಆ ಊರಿನಲ್ಲಿ ತೊದಲು ಮಾತಾಡುವ ಮಗುವಿಗೂ ಗೊತ್ತು. ಲೆಸಿಯೆಲಿ ನಲವತ್ತೇಳು ವರ್ಷ ಅದನ್ನು ನೋಡುತ್ತ ಬಂದಿದ್ದಳು. ಹೊಟ್ಟೆಕಿಚ್ಚಿನಲ್ಲಿ ಅದೊಂದನ್ನು ಮರೆತಿದ್ದಳು. ಗಂಡನ ಅಕ್ಕ ಹತ್ತು ಜನರ ಮುಂದೆ ಕೈಯಾರೆ ಕೊಟ್ಟದ್ದನ್ನು ತಮ್ಮನ ಹೆಂಡತಿ ಬೇಡ ಅನ್ನುವುದು ಇರಲೇ ಇಲ್ಲ. ಒಮ್ಮೆ ಅಂದಾಗಿತ್ತು, ಎರಡನೇ ಸಲ ಅನ್ನುವ ಹಾಗಿರಲಿಲ್ಲ.

ಅವಳು ಪೊಟ್ಟಣ ಬಿಚ್ಚಿ ತಿಂದಳು. ಲುಪೆಗೆ ಒಂದು ತುಂಡು ಕೊಡಲೂ ಧೈರ್ಯ ಬರಲಿಲ್ಲ. ಎರಡು ಬೊಗಸೆ ಮರಗೆಣಸು, ಒಂದು ಚಮಚ ಸಕ್ಕರೆ, ಎಲ್ಲವನ್ನೂ ತಿಂದಳು. ರುಚಿಯಾಗಿಯೇ ಇತ್ತು. ಅದೂ ಅವಳಿಗೆ ಸಿಟ್ಟು ತರಿಸಿತು.

ಹನ್ನೆರಡು ಗಂಟೆಗೆ ಫುಸಿ ಮೊದಲು ಅಕಾನೆಸಿಯ ಕೈ ಹಿಡಿದಳು.

"ಯಾವ ಬೆರಳಿಗೆ ಚುಚ್ಚಲಿ ಅಮ್ಮ? ಎಲ್ಲಾ ನೀವೇ ಚುಚ್ಚಿಕೊಂಡು ಬಂದಿದ್ದೀರಲ್ಲ!"

ಲೆಸಿಯೆಲಿ ಕತ್ತು ಚಾಚಿ ನೋಡಿದಳು. ಆ ಬೆರಳುಗಳ ತುದಿಯಲ್ಲಿ ಮುರಿದು ಉಳಿದ ಕರಿಮುಳ್ಳಿನ ಚುಕ್ಕೆಗಳಿದ್ದವು. ಅಂಗೈಯಲ್ಲಿ ಹವಳದ ಬಂಡೆ ತರಚಿದ ಗೀರುಗಳು, ಕೆಲವು ಹಳೆಯವು, ಕೆಲವು ನಿನ್ನೆ ಮೊನ್ನೆಯವು. ಆಕ್ಟೋಪಸ್ ತಿಂದು ಕೂತವರ ಕೈಯಲ್ಲ ಅದು. ಕಡಲಿಳಿತದ ಹೊತ್ತಿನಲ್ಲಿ ಬಂಡೆಯ ಸಂದಿಗೆ ದಿನವೂ ಬೆರಳು ಹಾಕಿ ಹುಡುಕುವವರ ಕೈ.

"ಏಳು ಪಾಯಿಂಟ್ ಒಂದು," ಫುಸಿ ಓದಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. ಆಮೇಲೆ ಲೆಸಿಯೆಲಿಯ ಸರದಿ. ಫುಸಿ ಯಂತ್ರವನ್ನು ನೋಡಿದಳು, ಅಲುಗಾಡಿಸಿದಳು, ಹೊಸ ಪಟ್ಟಿ ಹಾಕಿ ಇನ್ನೊಮ್ಮೆ ಚುಚ್ಚಿದಳು.

"ಹದಿನೇಳು ಪಾಯಿಂಟ್ ಎರಡು. ಏನು ತಿಂದ್ರಿ ಲೆಸಿಯಕ್ಕ? ನಿಜ ಹೇಳಿ."

"ಲೂ."

"ಎಲ್ಲಿತ್ತು? ನಿಮ್ಮ ಡಬ್ಬಿಯಲ್ಲಿ ನಾನು ಸೊಪ್ಪು ನೋಡಿದ್ನಲ್ಲ?"

"ಅಕಾನೆಸಿ ಕೊಟ್ಟಿದ್ದು," ಲುಪೆ ಹೇಳಿಬಿಟ್ಟಳು.

ಫುಸಿ ಬಾಳೆಲೆಯಲ್ಲಿ ಅಂಟಿ ಉಳಿದದ್ದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿ ನೋಡಿ ಅಕಾನೆಸಿಯ ಕಡೆ ತಿರುಗಿದಳು. "ಮರಗೆಣಸು. ಸಿಹಿ ಬೇರೆ. ಏನಮ್ಮ ಇದು? ಇವರದ್ದು ಹತ್ತರೊಳಗೆ ಬರದಿದ್ರೆ ಸೂಜಿ ಅಂತ ನಿಮಗೆ ಗೊತ್ತಿತ್ತಲ್ಲ? ನಿಮ್ಮನ್ನೇ ಗುಂಪಿನ ಮುಂದಾಳು ಮಾಡೋಣ ಅಂತಿದ್ದೆ ನಾನು."

ಪೊಟ್ಟಣ ಎಲ್ಲಿಂದ ಬಂತೆಂದು ಅಕಾನೆಸಿ ಹೇಳಲಿಲ್ಲ. ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಚಾಪೆಯನ್ನು ನೋಡುತ್ತಿದ್ದಳು. ಹತ್ತು ಜೊತೆ ಕಣ್ಣು ಅವಳ ಮೇಲಿದ್ದವು, ಅವುಗಳಲ್ಲಿ ಹೊಗಳಿಕೆ ಇರಲಿಲ್ಲ. ಲೆಸಿಯೆಲಿ ಇಪ್ಪತ್ತನಾಲ್ಕು ವರ್ಷದಿಂದ ಕಾಯುತ್ತಿದ್ದ ನೋಟ ಅದು. ಸುಮ್ಮನೆ ಕೂತರೆ ಸಾಕು, ತನ್ನದಾಗುತ್ತಿತ್ತು. ಮೂರು ಉಸಿರಿನಷ್ಟು ಹೊತ್ತು ಅವಳು ಸುಮ್ಮನೆ ಕೂತಳು. ಆ ಮೂರೂ ಉಸಿರು ಬಹಳ ಸೊಗಸಾಗಿದ್ದವು. ಆಮೇಲೆ ಅವಳ ಕಣ್ಣು ಮತ್ತೆ ಆ ಕರಿಮುಳ್ಳಿನ ಚುಕ್ಕೆಗಳ ಮೇಲೆ ಬಿತ್ತು.

"ಮಾಡಿದ್ದು ನಾನು," ಅಂದಳು. "ಅವರು ತಿನ್ನಲಿ ಅಂತ ಮಾಡಿ ಕಳಿಸಿದ್ದೆ. ಬೇಕು ಅಂತಲೇ."

ಯಾರೋ ಅಯ್ಯೋ ಅಂದರು. ಫುಸಿ ಇಬ್ಬರ ಮುಖವನ್ನೂ ನೋಡಿ, ಹಾಳೆಯಲ್ಲಿ ಬರೆದ ಹದಿನೇಳನ್ನು ಗೀಟೆಳೆದು ಹೊಡೆದುಹಾಕಿದಳು.

"ಇದು ಲೆಕ್ಕಕ್ಕಿಲ್ಲ. ಮುಂದಿನ ಬುಧವಾರ ಇನ್ನೊಂದು ಸಲ. ಆಗಲೂ ಹತ್ತು ದಾಟಿದ್ರೆ ಸೂಜಿ, ಅಳಬಾರದು. ಈಗ ಇಬ್ರೂ ಹೊರಗೆ ಹೋಗಿ ಮಾತಾಡ್ಕೊಂಡು ಬನ್ನಿ. ಇಲ್ಲಿ ಉಳಿದವರ ಬೆರಳಿದೆ ನನಗೆ."

ಹೊರಗೆ ಬಾದಾಮಿ ಮರದ ನೆರಳಲ್ಲಿ ಇಬ್ಬರೂ ನಿಂತರು. ಮೊದಲು ಮಾತಾಡಿದವಳು ಅಕಾನೆಸಿ.

"ಕೈಗೆ ತಗೊಂಡಾಗಲೇ ಗೊತ್ತಾಯ್ತು. ಲೂ ಅಷ್ಟು ಭಾರ ಇರಲ್ಲ."

"ಗೊತ್ತಿದ್ದೂ ನನಗೆ ಕೊಟ್ರಾ?"

"ನೀನು ಒಪ್ಕೋತೀಯ ಅಂತ ಕೊಟ್ಟೆ. ನೀನು ನೋಡಿದ್ರೆ ಎಲೆ ನೆಕ್ಕೋವರೆಗೂ ತಿಂದೆ. ಎಂಥ ಮೊಂಡು ಹೆಂಗಸೇ ನೀನು!"

ಲೆಸಿಯೆಲಿಗೆ ನಗು ಬಂತು, ನಗಬಾರದೆಂದು ತುಟಿ ಕಚ್ಚಿದಳು. "ಅವರು ಹಿಡಿದಿದ್ದರಲ್ಲಿ ದೊಡ್ಡದೆಲ್ಲ ನಿಮಗೆ. ನನಗೆ ಗೆಣಸು. ನಿಮ್ಮ ಸಕ್ಕರೆ ಇಳೀತು, ನಂದು ಏರ್ತು. ನನ್ನ ಹೊಟ್ಟೆ ಉರಿಯಲ್ವಾ ಅತ್ತಿಗೆ?"

"ಆಕ್ಟೋಪಸ್ಸಾ? ನಾನೆಲ್ಲಿ ತಿಂದೆ? ಒಂಟಿ ಹೆಂಗಸಿಗೆ ಅಷ್ಟು ದೊಡ್ಡದು ಯಾಕೆ? ಎಲ್ಲಾ ಪಾದ್ರಿ ಮನೆಗೆ ಹೋಗ್ತಿತ್ತು."

"ನಮ್ಮ ಮನೆಗೇ ವಾಪಸ್ ಕಳಿಸಬಹುದಿತ್ತಲ್ಲ?"

"ತಮ್ಮ ಕೊಟ್ಟಿದ್ದನ್ನ ಹಾಗೇ ವಾಪಸ್ ಕಳಿಸಿದ್ರೆ ಅವನ ಮುಖಕ್ಕೆ ಹೊಡೆದ ಹಾಗೆ." ಅಕಾನೆಸಿ ಮರದ ಬೇರಿನ ಮೇಲೆ ಕೂತಳು. "ನಿನಗೆ ಹೊಟ್ಟೆ ಉರೀತಂತೆ. ನನ್ನ ಹೊಟ್ಟೆಗೆ ಏನಾಗ್ತಿತ್ತು ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದ್ಯಾ? ಅವನು ನಿನ್ನ ಮನೆಗೆ ಬರ್ತಾನೆ, ಕೂರ್ತಾನೆ, ಉಪ್ಪು ಕಮ್ಮಿ ಅಂತ ಬೈತಾನೆ. ನನ್ನ ಹಿಂಬಾಗಿಲಲ್ಲಿ ಬುಟ್ಟಿ ಇಟ್ಟು ಕೆಮ್ಮಿ ಹೋಗ್ತಾನೆ. ಆ ಕೆಮ್ಮು ಕೇಳೋಕೆ ಅಂತ ನಾನು ಬೆಳಗಿನಿಂದ ಅಡುಗೆಮನೆಯಲ್ಲೇ ಇರ್ತೀನಿ."

ತನ್ನ ಮನೆಯಲ್ಲಿ ಅತ್ತಿಗೆ ಆಸೆಪಡುವಂಥದ್ದು ಏನಾದರೂ ಇರಬಹುದೆಂದು ಲೆಸಿಯೆಲಿಗೆ ಈವರೆಗೆ ಹೊಳೆದಿರಲಿಲ್ಲ. ಆ ಸಂಗತಿಯಿಂದ ತುಸು ಸಮಾಧಾನವಾದದ್ದು ನಿಜ. ಅದಕ್ಕೆ ನಾಚಿಕೆಯಾದದ್ದೂ ನಿಜ.

"ನಾಳೆ ಇಳಿತ ಒಂಬತ್ತು ಗಂಟೆಗೆ," ಅಕಾನೆಸಿ ಎದ್ದು ಬಟ್ಟೆ ಕೊಡವಿದಳು. "ಬಾ."

"ಬಂಡೆ ಮೇಲೆ ಹೆಕ್ಕೋಕಾ? ಮನೇಲಿ ದೋಣಿ ಇರೋ ಗಂಡಸು ಇದ್ದೂ ಹೆಂಡತಿ ಚಿಪ್ಪು ಹೆಕ್ಕಿದ್ರೆ ಊರೋರು ಏನಂತಾರೆ?"

"ಇವತ್ತು ಒಳಗೆ ಕೂತಿರೋರು ಏನಂತಿದ್ದಾರೋ ಅದಕ್ಕಿಂತ ಕಮ್ಮಿನೇ ಅಂತಾರೆ. ಬರಿಗಾಲಲ್ಲಿ ಬರಬೇಡ. ನಿನ್ನ ಕಾಲು ಕೊಯ್ದುಕೊಂಡ್ರೆ ಫುಸಿ ನನ್ನ ಕೊಲ್ತಾಳೆ. ನನ್ನ ಹತ್ತಿರ ಇನ್ನೊಂದು ಜೊತೆ ರಬ್ಬರ್ ಶೂ ಇದೆ."

ಮರುದಿನದಿಂದ ಮಂಗಳವಾರದವರೆಗೆ, ಭಾನುವಾರವೊಂದನ್ನು ಬಿಟ್ಟು, ದಿನವೂ ಇಳಿತದ ಹೊತ್ತಿಗೆ ಇಬ್ಬರೂ ನೀರು ಸರಿದ ಬಂಡೆಯ ಮೇಲೆ ಬಗ್ಗಿದರು. ಯಾವ ಸಂದಿಗೆ ಕೈ ಹಾಕಬಾರದು, ಯಾವ ಪಾಚಿ ಎಳೆಯದು, ಮುಳ್ಳುಚೆಂಡನ್ನು ಎರಡು ಚಮಚದಿಂದ ಹೇಗೆ ಒಡೆಯಬೇಕು ಎಂದು ಅಕಾನೆಸಿ ಬೈಯುತ್ತ ಕಲಿಸಿದಳು. ಲೆಸಿಯೆಲಿಯ ಶೂ ಒಂದು ಅಳತೆ ದೊಡ್ಡದಾಗಿತ್ತು. ಎರಡನೇ ದಿನ ಅವಳ ಬುಟ್ಟಿ ಅರ್ಧ ತುಂಬಿತು, ನಾಲ್ಕನೇ ದಿನ ಪೂರ್ತಿ. ಪೂರ್ತಿ ತುಂಬಿದ ದಿನವೂ ಅವಳು ಅತ್ತಿಗೆಯ ಬುಟ್ಟಿಯ ಕಡೆ ಓರೆಗಣ್ಣಿನಿಂದ ನೋಡಿದಳು. ಅದರಲ್ಲಿ ದೊಡ್ಡ ಮರುವಾಯಿಗಳಿದ್ದವು. ಒಂದೇ ಬಂಡೆ, ಒಂದೇ ಹೊತ್ತು, ಆದರೂ ಅವಳಿಗೇ ಹೇಗೆ ದೊಡ್ಡವು ಸಿಗುತ್ತವೆ?

ಬುಧವಾರ ಫುಸಿ ಚುಚ್ಚಿದಾಗ ಒಂಬತ್ತು ಪಾಯಿಂಟ್ ನಾಲ್ಕು ಬಂತು. ಸೂಜಿ ಬೇಡ, ಸದ್ಯಕ್ಕೆ, ಮುಂದಿನ ತಿಂಗಳು ನೋಡೋಣ ಎಂದಳು ಫುಸಿ. ಹೆಂಗಸರು ತಟ್ಟಿದ ಚಪ್ಪಾಳೆ ಮುಗಿಯುವ ಮೊದಲೇ ಲೆಸಿಯೆಲಿ ಗೋಡೆಯ ಹಾಳೆಯ ಹತ್ತಿರ ಹೋಗಿ ನಿಂತಳು. ಕಣ್ಣು ಹೋದದ್ದು ತನ್ನ ಹೆಸರಿನ ಸಾಲಿಗಲ್ಲ, ಅದರ ಮೇಲಿನ ಅತ್ತಿಗೆಯ ಸಾಲಿಗೆ. ಅಲ್ಲಿ ಆರು ಪಾಯಿಂಟ್ ಒಂಬತ್ತು ಎಂದಿತ್ತು.

ಅಂದು ಸಂಜೆ ಸುನಿಯ ಎಂದಿನಂತೆ ದೊಡ್ಡ ಆಕ್ಟೋಪಸ್ಸನ್ನು ಬುಟ್ಟಿಗೆ ಹಾಕಿ ಬಾಳೆಲೆ ಮುಚ್ಚಿದ. ಲೆಸಿಯೆಲಿ ಎಂದಿನಂತೆ ಕಂಬಕ್ಕೆ ಒರಗಿ ನಿಂತಿದ್ದಳು.

"ಹಿಂಬಾಗಿಲಲ್ಲಿ ಇಟ್ಟ ಕೂಡಲೇ ಓಡಿ ಬರಬೇಡಿ," ಅಂದಳು. "ಸ್ವಲ್ಪ ಹೊತ್ತು ಹೊರಗೆ ನಿಂತು ಕೆಮ್ಮಿ. ಜೋರಾಗಿ."

"ಯಾಕೆ?"

"ಕೆಮ್ಮಿ ಅಂದೆ, ಕೆಮ್ಮಿ. ಕಾಸು ಖರ್ಚಾಗಲ್ಲ."

ಅವನು ಒಂದು ಗಂಟೆ ಕಳೆದ ಮೇಲೆ ಬಂದ. ಬುಟ್ಟಿಯಲ್ಲಿ ಗೆಣಸಿರಲಿಲ್ಲ. ತೆಂಗಿನ ಹಾಲಿನಲ್ಲಿ ಬೇಯಿಸಿದ ಆಕ್ಟೋಪಸ್ ಇತ್ತು, ಬಿಸಿಯಾಗಿ, ಮುಚ್ಚಿದ ಪಾತ್ರೆಯಲ್ಲಿ. ಹಾಗೇ ಹಿಂದಿರುಗಿಸಿದರೆ ಅವಮಾನ, ಅಡುಗೆ ಮಾಡಿ ಕಳಿಸಿದರೆ ಅದು ಬೇರೆಯದೇ ಉಡುಗೊರೆ. ಅಷ್ಟು ದಾರಿಯನ್ನು ಅಕಾನೆಸಿ ಹುಡುಕಿದ್ದಳು.

ಲೆಸಿಯೆಲಿ ಮುಚ್ಚಳ ತೆಗೆದು ಚಮಚದಿಂದ ಕೆದಕಿ ಎಣಿಸಿದಳು. ನಾಲ್ಕು ತೋಳು. ಸರಿಯಾಗಿ ಅರ್ಧ. ಒಂದನ್ನು ಎತ್ತಿ ಕಚ್ಚಿದಳು. ಮೆತ್ತಗೆ ಬೆಂದಿತ್ತು, ಉಪ್ಪು ಹದವಾಗಿತ್ತು, ಅವಳು ಮಾಡಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ತಿನ್ನುತ್ತ ತಿನ್ನುತ್ತ ಉಳಿದ ಮೂರನ್ನು ತಿರುಗಿಸಿ ನೋಡಿದಳು.

ಅತ್ತಿಗೆಯ ಮನೆಯಲ್ಲಿ ಉಳಿದ ನಾಲ್ಕು ಇನ್ನೂ ದಪ್ಪ ಇದ್ದಿರಬೇಕು.